ರಸಾಯನಶಾಸ್ತ್ರ ಬೋಧನೆಯಲ್ಲಿ ವಿಧಿವಿಜ್ಞಾನ

ವಿಷ, ರಕ್ತದ ಕಲೆ, ಬೆರಳಚ್ಚು, ಕಳ್ಳಭಟ್ಟಿ, ಲಂಚದ ನೋಟು ಮುಂತಾದವುಗಳ ಪತ್ತೆಗೆ ಬಳಕೆಯಾಗುವ ಪರೀಕ್ಷೆಗಳನ್ನೇ ಪಾಠವಾಗಿಸಿ ಕಾಲೇಜು ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಕಲಿಸುವ ಕ್ರಮ. ದುಬಾರಿ ಉಪಕರಣವಿಲ್ಲದೆ ಇದು ಆಗದು ಎಂಬುದು ಟಿ.ವಿ. ಧಾರಾವಾಹಿಗಳು ಹುಟ್ಟಿಸಿದ ನಂಬಿಕೆ. ಬೇಕಾದ ದ್ರಾವಣಗಳಲ್ಲಿ ಬಹುಪಾಲು ಪಿಯು ಕಾಲೇಜಿನ ಕಪಾಟಿನಲ್ಲೇ ಇರುತ್ತವೆ.

ಆರಂಭ: ಇದರ ಬೇರು ಇರುವುದು ಶಾಲೆಯಲ್ಲಲ್ಲ, ನ್ಯಾಯಾಲಯದಲ್ಲಿ. 1833ರಲ್ಲಿ ಇಂಗ್ಲೆಂಡಿನ ಜಾನ್ ಬಾಡ್ಲ್ ಎಂಬಾತ ಅಜ್ಜನಿಗೆ ಕಾಫಿಯಲ್ಲಿ ಆರ್ಸೆನಿಕ್ ಹಾಕಿದನೆಂದು ಆರೋಪ ಬಂತು. ರಸಾಯನಜ್ಞ ಜೇಮ್ಸ್ ಮಾರ್ಷ್ ಹೈಡ್ರೋಜನ್ ಸಲ್ಫೈಡ್ ಹಾಯಿಸಿ ಹಳದಿ ಒತ್ತರ ಪಡೆದ. ಕಿಪ್ಸ್ ಉಪಕರಣದ ಕೊಳೆತ ಮೊಟ್ಟೆಯ ವಾಸನೆ ಸಹಿಸಿಕೊಂಡು ಸಾಲ್ಟ್ ಅನಾಲಿಸಿಸ್ ಮಾಡಿದವರಿಗೆಲ್ಲ ಈ ಎರಡನೇ ಗುಂಪಿನ ಪರೀಕ್ಷೆ ಗೊತ್ತು. ಆದರೆ ತೀರ್ಪುಗಾರರ ಮುಂದಿಡುವ ಹೊತ್ತಿಗೆ ಒತ್ತರ ಕೆಟ್ಟಿತ್ತು, ಬಾಡ್ಲ್ ಬಿಡುಗಡೆಯಾದ. ರಸಾಯನಶಾಸ್ತ್ರ ತಿಳಿಯದವರ ಕಣ್ಣಿಗೂ ಕಾಣುವಂತಹ, ಕೆಡದೆ ಉಳಿಯುವಂತಹ ಸಾಕ್ಷ್ಯ ಬೇಕೆಂದು ಮಾರ್ಷ್ ಹಟ ಹಿಡಿದ. 1836ರಲ್ಲಿ ಆತ ಪ್ರಕಟಿಸಿದ ಪರೀಕ್ಷೆಯಲ್ಲಿ ಆರ್ಸೆನಿಕ್ ಗಾಜಿನ ಮೇಲೆ ಕನ್ನಡಿಯಂತೆ ಹೊಳೆಯುವ ಕಪ್ಪು ಲೇಪವಾಗಿ ಕೂರುತ್ತದೆ. ತಿಳಿಯದವರಿಗೆ ಕಾಣಿಸುವುದೇ ಅದರ ಉದ್ದೇಶವಾಗಿತ್ತು. ಒಳ್ಳೆಯ ಮೇಷ್ಟರ ಕೆಲಸವೂ ಅದೇ ತಾನೆ?

ಭಾರತದಲ್ಲಿ ಮೊದಲ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯ 1849ರಲ್ಲಿ ಮದ್ರಾಸಿನಲ್ಲಿ ತೆರೆಯಿತು. ಬೆರಳಚ್ಚು ಕಚೇರಿ 1897ರಲ್ಲಿ ಕಲ್ಕತ್ತೆಯಲ್ಲಿ ಬಂತು. ವಿಶ್ವವಿದ್ಯಾಲಯದ ಮಟ್ಟದ ವಿಭಾಗಕ್ಕೆ 1959ರವರೆಗೆ ಕಾಯಬೇಕಾಯಿತು. ಅದು ಮಧ್ಯಪ್ರದೇಶದ ಸಾಗರದಲ್ಲಿ. ಕರ್ನಾಟಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನವನ್ನು ಸ್ವತಂತ್ರ ವಿಷಯವಾಗಿ ಕಲಿಸುತ್ತ ಬಂದಿದೆ. ಇವೆಲ್ಲ ತಜ್ಞರನ್ನು ತಯಾರಿಸುವ ವ್ಯವಸ್ಥೆಗಳು. ಸಾಮಾನ್ಯ ರಸಾಯನಶಾಸ್ತ್ರದ ತರಗತಿಗೆ ಪತ್ತೇದಾರಿ ಬಂದದ್ದು ತಡವಾಗಿ. ಅಮೆರಿಕದ ಟೆನೆಸಿಯ ಪ್ರಾಧ್ಯಾಪಕರಾದ ಥಾಮಸ್ ವಾಡೆಲ್ ಮತ್ತು ಥಾಮಸ್ ರಿಬೋಲ್ಟ್ 1989ರಿಂದ ಷರ್ಲಾಕ್ ಹೋಮ್ಸ್‌ನನ್ನು ನಾಯಕನಾಗಿಸಿ, ರಸಾಯನಶಾಸ್ತ್ರ ತಿಳಿದರಷ್ಟೇ ಬಿಡಿಸಬಹುದಾದ ಒಗಟಿನ ಕಥೆಗಳನ್ನು ಬೋಧಕರ ಪತ್ರಿಕೆಯೊಂದರಲ್ಲಿ ಬರೆದರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಮುಗಿಬಿದ್ದು ಓದಿದ ಕನ್ನಡ ನಾಡಿನಲ್ಲಿ ಅಂಥದೊಂದು ಪಠ್ಯ ಪುರುಷೋತ್ತಮನ ಹೆಸರಿನಲ್ಲೇ ಬರಬಹುದಿತ್ತು.

ಗುಲಾಬಿ ಕೈ: ಕರ್ನಾಟಕದ ಮಟ್ಟಿಗೆ ಅತ್ಯುತ್ತಮ ಪಾಠವೆಂದರೆ ಲೋಕಾಯುಕ್ತ ಪೊಲೀಸರ ‘ಟ್ರ್ಯಾಪ್’. 1871ರಲ್ಲಿ ಅಡಾಲ್ಫ್ ಫಾನ್ ಬೇಯರ್ ತಯಾರಿಸಿದ ಫಿನಾಲ್ಫ್ಥಲೀನ್ ಟೈಟ್ರೇಶನ್ನಿನ ಇಂಡಿಕೇಟರ್ ಎಂದೇ ವಿದ್ಯಾರ್ಥಿಗಳಿಗೆ ಪರಿಚಿತ. ಲಂಚದ ನೋಟುಗಳಿಗೆ ಇದರ ಪುಡಿ ಸವರಿ ದೂರುದಾರನ ಕೈಲಿ ಕೊಟ್ಟು ಕಳಿಸುತ್ತಾರೆ. ನೋಟು ಮುಟ್ಟಿದವನ ಕೈಯನ್ನು ಪಂಚರ ಎದುರು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಬಾಟಲಿಗೆ ತುಂಬಿ, ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಲಾಗುತ್ತದೆ.

ಈ ಒಂದೇ ಪ್ರಸಂಗದಿಂದ ಒಂದು ವಾರದ ಪಾಠ ತೆಗೆಯಬಹುದು. ಪುಡಿ ಬಣ್ಣವಿಲ್ಲದ್ದು, ಕ್ಷಾರದಲ್ಲಿ ಬಣ್ಣ ಏಕೆ? ಪಿಎಚ್ 8.2ರ ಆಚೆ ಅಣುವಿನ ರಚನೆ ಬದಲಾಗುತ್ತದೆ. ಸಾಬೂನು ಹಚ್ಚಿದ ಕೈ ಗುಲಾಬಿಯಾದೀತೆ? ಇಲ್ಲ, ಅಲ್ಲಿ ಕ್ಷಾರ ಮಾತ್ರ ಇದೆ, ಪುಡಿ ಇಲ್ಲ. ಕೈ ಅದ್ದುವ ಮೊದಲೇ ದ್ರಾವಣಕ್ಕೆ ಬಣ್ಣವಿಲ್ಲವೆಂದು ಪಂಚರಿಗೆ ತೋರಿಸುವುದೇಕೆ? ‘ಬ್ಲ್ಯಾಂಕ್’ ಪರೀಕ್ಷೆ ಎಂದು ರೆಕಾರ್ಡ್ ಬುಕ್ಕಿನಲ್ಲಿ ಬರೆದು ಮರೆಯುವುದು ಇದನ್ನೇ. ಕೊನೆಗೆ, ಕೈ ಗುಲಾಬಿಯಾದರೆ ಶಿಕ್ಷೆ ಖಚಿತವೆ? ಅಲ್ಲ. ಲಂಚ ಕೇಳಿದ್ದು ಸಾಬೀತಾಗಲೇಬೇಕು ಎಂಬುದನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರ್‌ನಲ್ಲಿ ನೀರಜ್ ದತ್ತಾ ಪ್ರಕರಣದಲ್ಲಿ ಮತ್ತೆ ಹೇಳಿದೆ. ಕೈ ಪುಡಿಯನ್ನು ಮುಟ್ಟಿದೆ ಎಂಬುದಷ್ಟನ್ನು ಬಣ್ಣ ಹೇಳುತ್ತದೆ, ಏಕೆ ಮುಟ್ಟಿತು ಎಂಬುದನ್ನಲ್ಲ.

ಇದೇ ಫಿನಾಲ್ಫ್ಥಲೀನನ್ನು ಸತುವಿನ ಪುಡಿಯೊಂದಿಗೆ ಕ್ಷಾರದಲ್ಲಿ ಕುದಿಸಿ ಅಪಕರ್ಷಿಸಿದರೆ ರಕ್ತ ಗುರುತಿಸುವ ಕ್ಯಾಸಲ್–ಮೇಯರ್ ದ್ರಾವಣ ಸಿಗುತ್ತದೆ. ಆದರೆ ಆಲೂಗಡ್ಡೆಯ ರಸಕ್ಕೂ ಅದು ಗುಲಾಬಿಯಾಗಬಲ್ಲದು. ಮೊದಲ ಪರೀಕ್ಷೆ ಸುಳಿವಷ್ಟೇ ಎಂದು ಮನವರಿಕೆ ಮಾಡಿಕೊಡಲು ಅಡುಗೆಮನೆಯ ಆಲೂಗಡ್ಡೆ ಸಾಕು.

ಗಡಿಯ ಸಾಮಗ್ರಿ: 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ 300ಕ್ಕೂ ಹೆಚ್ಚು ಜನರನ್ನು ಕೊಂದಿತು. ಮೆಥನಾಲನ್ನು ಪರ್ಮ್ಯಾಂಗನೇಟಿನಿಂದ ಫಾರ್ಮಾಲ್ಡಿಹೈಡ್ ಆಗಿಸಿ ಕ್ರೋಮೋಟ್ರೋಪಿಕ್ ಆಮ್ಲದಿಂದ ನೇರಳೆ ಬಣ್ಣ ಬರಿಸುವುದು ಅದರ ಪತ್ತೆಯ ಹಳೆಯ ವಿಧಾನ. ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಮನ್ನಾಏಖೇಳ್ಳಿ, ಹುಮನಾಬಾದ್, ಬಸವಕಲ್ಯಾಣ ಭಾಗದ ವಿದ್ಯಾರ್ಥಿಗೆ ಇನ್ನೂ ಹತ್ತಿರದ ಉದಾಹರಣೆ ಕಲಬೆರಕೆ ಸೇಂದಿ. ತೆಲಂಗಾಣದಲ್ಲೂ ಅದಕ್ಕೆ ಹೊಂದಿಕೊಂಡ ನಮ್ಮ ಜಿಲ್ಲೆಗಳಲ್ಲೂ ‘ಸಿ.ಎಚ್. ಪೌಡರ್’ ಎಂಬ ಹೆಸರಿನಿಂದ ಸೇಂದಿಗೆ ಬೆರೆಸುವುದು ಕ್ಲೋರಲ್ ಹೈಡ್ರೇಟ್ ಎಂಬ ಮತ್ತಿನ ವಸ್ತು. ಕ್ಷಾರ ಸೇರಿದರೆ ಅದು ಕ್ಲೋರೋಫಾರ್ಮ್ ಆಗುತ್ತದೆ. ಪುಸ್ತಕದ ಈ ಸಮೀಕರಣವೇ ಫುಜಿವಾರಾ ಪರೀಕ್ಷೆಯಲ್ಲಿ ಕೆಲಸಕ್ಕೆ ಬರುತ್ತದೆ: ಮಾದರಿಗೆ ಕಾಸ್ಟಿಕ್ ಸೋಡಾ ಮತ್ತು ಪಿರಿಡಿನ್ ಸೇರಿಸಿ ಬಿಸಿನೀರಿನಲ್ಲಿಟ್ಟರೆ ಮೇಲಿನ ಪದರ ಕೆಂಪಾಗುತ್ತದೆ. ಪಿರಿಡಿನ್ನಿನ ಹೊಗೆ ಒಳ್ಳೆಯದಲ್ಲ. ಗಾಳಿಕಪಾಟು ಇಲ್ಲದ ಕಾಲೇಜು ಇದನ್ನು ಹಲಗೆಯ ಮೇಲೆ ಬರೆದೇ ಕಲಿಸಬೇಕು.

ಸೈನೈಡಿಗೂ ಅದೇ ಮಾತು. 2009ರಲ್ಲಿ ಸಿಕ್ಕಿಬಿದ್ದ ಸರಣಿ ಹಂತಕ ‘ಸೈನೈಡ್ ಮೋಹನ್’ ಪ್ರಕರಣದ ಕುತೂಹಲ ಎಷ್ಟೇ ಇರಲಿ, ಆ ವಿಷ ತರಗತಿಗೆ ಬರಕೂಡದು. ಅದರ ಪತ್ತೆಯಲ್ಲಿ ಮೂಡುವ ಪ್ರಷ್ಯನ್ ನೀಲಿಯನ್ನು ಪೊಟ್ಯಾಸಿಯಂ ಫೆರೊಸೈನೈಡ್ ಮತ್ತು ಫೆರಿಕ್ ಕ್ಲೋರೈಡ್ ಬೆರೆಸಿ ತೋರಿಸಬಹುದು.

ಇತ್ತೀಚಿನ ಬೆಳವಣಿಗೆ: ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು ಎನ್ನುತ್ತದೆ; ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಬಿಎಸ್ಸಿ ರಸಾಯನಶಾಸ್ತ್ರ ಓದುವವರಿಗೆ ಇದು ಉದ್ಯೋಗದ ವಿಷಯವೂ ಹೌದು. ಕಲ್ಯಾಣ ಕರ್ನಾಟಕದ ಕಲಬುರಗಿಯಲ್ಲೂ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ.