ಕೊಳದೊಳಗಿನ ಕೌರವ: ಒಂದು ಪುರಾಣ ಸನ್ನಿವೇಶದ ನಾಲ್ಕು ಕನ್ನಡ ರೂಪಗಳು

ಕುರುಕ್ಷೇತ್ರ ಯುದ್ಧದ ಕೊನೆಯ ದಿನ. ಹನ್ನೊಂದು ಅಕ್ಷೌಹಿಣಿ ಸೇನೆಯ ಒಡೆಯನಾಗಿದ್ದ ದುರ್ಯೋಧನ ಒಬ್ಬಂಟಿಯಾಗಿ ಕೊಳ ಹೊಕ್ಕು ಅಡಗುತ್ತಾನೆ. ದಡದಲ್ಲಿ ನಿಂತವರಿಗೆ ಅವನು ಕಾಣುವುದಿಲ್ಲ. ಕಣ್ಣಿಗೆ ಬೀಳದ ಈ ಅರಸನನ್ನು ಚಂಪೂಕಾವ್ಯ, ಗಮಕ, ನಾಟಕ, ತಾಳಮದ್ದಳೆಗಳು ಹೇಗೆ ಕಾಣಿಸುತ್ತವೆ ಎಂಬುದು ಈ ಲೇಖನದ ಪ್ರಶ್ನೆ. ಕಲಾರೂಪವೊಂದಕ್ಕೆ ಕಥೆ ಎಲ್ಲಿ ತೊಡಕಾಗುತ್ತದೆಯೋ ಅಲ್ಲಿಯೇ ನಿಜವಾದ ಮರುಸೃಷ್ಟಿ ನಡೆಯುತ್ತದೆ ಎಂಬುದು ನನ್ನ ವಾದ.

1. ರನ್ನನ ಬೆವರು

ವ್ಯಾಸಭಾರತದಲ್ಲಿ ದುರ್ಯೋಧನ ಮಾಯೆಯಿಂದ ನೀರನ್ನು ಸ್ತಂಭಿಸಿ ಮಲಗುತ್ತಾನೆ; ಬೇಡರಿಂದ ಅವನ ಸುಳಿವು ಸಿಗುತ್ತದೆ; ಯುಧಿಷ್ಠಿರ ದಡದಲ್ಲಿ ನಿಂತು ಅವನನ್ನು ಮೂದಲಿಸುತ್ತಾನೆ. 10ನೆಯ ಶತಮಾನದ ಕೊನೆಯ ಭಾಗದ ಕವಿ ರನ್ನ ಈ ಸನ್ನಿವೇಶಕ್ಕೆ ಬೇರೆಯೇ ಹಿನ್ನೆಲೆ ಕಟ್ಟುತ್ತಾನೆ. ಅವನ ದುರ್ಯೋಧನ ಹೆಣಗಳ ನಡುವೆ ನಡೆದು, ಮಗ ಲಕ್ಷಣಕುಮಾರನನ್ನೂ ಗೆಳೆಯ ಕರ್ಣನನ್ನೂ ಕಂಡು ಅತ್ತು, ಶರಶಯ್ಯೆಯಲ್ಲಿದ್ದ ಭೀಷ್ಮನ ಮಾತಿಗೆ ಕಟ್ಟುಬಿದ್ದು ವೈಶಂಪಾಯನ ಸರೋವರಕ್ಕೆ ಇಳಿಯುತ್ತಾನೆ. ಹಾಗಾಗಿ ಅದು ಹೇಡಿಯ ಅಡಗುತಾಣವಾಗಿ ಉಳಿಯುವುದಿಲ್ಲ.

ಭೀಮನ ಗರ್ಜನೆ ಕೇಳಿ ದುರ್ಯೋಧನ ನೀರೊಳಗಿದ್ದೂ ಬೆವರುತ್ತಾನೆ ಎನ್ನುತ್ತಾನೆ ರನ್ನ. ಮುಳುಗಿದವನ ಬೆವರು ಯಾವ ಕಣ್ಣಿಗೂ ಕಾಣದು, ಯಾವ ಶಿಲ್ಪಿಯ ಉಳಿಗೂ ಸಿಗದು. ಅದನ್ನು ಕಾಣಿಸಬಲ್ಲದ್ದು ಮಾತು ಮಾತ್ರ. ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿ ಕಾವ್ಯ ಬರೆದ ಕವಿ, ಈ ಒಂದು ಹನಿಯಲ್ಲಿ ಎದುರಾಳಿಯ ಅಂತರಂಗವನ್ನು ಹೊಕ್ಕುಬಿಡುತ್ತಾನೆ.

2. ಗಮಕಿಯ ದನಿ

ಕುಮಾರವ್ಯಾಸ ಹತ್ತು ಪರ್ವಗಳಿಗೆ ತನ್ನ ಭಾರತವನ್ನು ನಿಲ್ಲಿಸಿದ, ಹತ್ತನೆಯದೇ ಗದಾಪರ್ವ. ಹೀಗಾಗಿ ಕನ್ನಡದ ಕೇಳುಗರಿಗೆ ಕೌರವನ ಪತನವೆಂದರೆ ಭಾರತದ ಮುಕ್ತಾಯವೂ ಹೌದು. ಭಾಮಿನಿ ಷಟ್ಪದಿಯಲ್ಲಿ 14 ಮಾತ್ರೆಗಳ ಎರಡೆರಡು ಸಾಲುಗಳಾದ ಮೇಲೆ 23 ಮಾತ್ರೆಗಳ ನೀಳ ಸಾಲು ಬರುತ್ತದೆ. ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕಿಗೆ ಭಾವವನ್ನು ಹಿಗ್ಗಿಸಲು ಅಲ್ಲಿ ಅವಕಾಶವಿದೆ. ಪದ್ಯ ಮುಗಿದೊಡನೆ ವ್ಯಾಖ್ಯಾನಕಾರರು ಅದನ್ನು ಇಂದಿನ ಮಾತಿಗೆ ತರುತ್ತಾರೆ. ಪಠ್ಯ ಬದಲಾಗದೆಯೇ ಕಥೆ ಪ್ರತಿ ವಾಚನದಲ್ಲೂ ಹೊಸದಾಗುವ ಬಗೆ ಇದು.

3. ರಂಗಕ್ಕೆ ಬಂದ ಕಾವ್ಯ

ರನ್ನನ ಕಾವ್ಯದಲ್ಲಿ ಬಿರುಸಿನ ಸಂಭಾಷಣೆಯಿದೆ, ವಿದೂಷಕನೂ ಇದ್ದಾನೆ. ಅದರೊಳಗಿನ ನಾಟಕವನ್ನು ಗುರುತಿಸಿದ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಗದಾಯುದ್ಧ ನಾಟಕಂ’ ಪ್ರಕಟಿಸಿದರು. ಕಾವ್ಯದಲ್ಲಿ ಕವಿಯೇ ನುಡಿಯುವ ವರ್ಣನೆ ರಂಗದ ಮೇಲೆ ಪಾತ್ರದ ಬಾಯಿಂದಲೋ ನಟನ ಮೈಯಿಂದಲೋ ಬರಬೇಕು. ಅಂತರಂಗಕ್ಕೆ ಕವಿ ನೇರವಾಗಿ ಇಳಿದಂತೆ ನಾಟಕ ಇಳಿಯಲಾರದು. ಅದರ ಭಾರವೆಲ್ಲ ಕೌರವ ನೀರಿನಿಂದ ಎದ್ದು ನಿಲ್ಲುವ ಗಳಿಗೆಯ ಮೇಲೆ ಬೀಳುತ್ತದೆ.

4. ಅರ್ಥಧಾರಿಯ ಹಣೆ

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೊಳವೂ ಇಲ್ಲ. ಭಾಗವತರು ಪದ ಹೇಳುತ್ತಾರೆ. ಚೆಂಡೆ-ಮದ್ದಳೆಯ ಸದ್ದು ಅಡಗುತ್ತಲೇ ಪಂಚೆ, ಶಾಲಿನ ಅರ್ಥಧಾರಿ ಕುಳಿತಲ್ಲಿಂದಲೇ ಕೌರವನಾಗುತ್ತಾನೆ. ಎದುರಿನವನು ಹೇಡಿಯೆಂದು ಹಂಗಿಸುತ್ತಾನೆ. ಅಡಗಿದ್ದೇಕೆ? ಛಲವೇ ಹೆಚ್ಚಾಯಿತೇ? ಸತ್ತ ತಮ್ಮಂದಿರಿಗೆ ಏನು ಉತ್ತರ? ಕೌರವನ ಪಾತ್ರಧಾರಿ ಆಗಿಂದಾಗಲೇ ಮರುಮಾತು ಹುಡುಕಬೇಕು. ನಿನ್ನೆಯ ಉತ್ತರ ಇಂದಿನ ಎದುರಾಳಿಗೆ ಸಾಲದು. ವಾದ ಕಾವೇರಿದ ರಾತ್ರಿಗಳಲ್ಲಿ ಅರ್ಥಧಾರಿಯ ಹಣೆಯಲ್ಲಿ ಬೆವರು ಮೂಡುವುದನ್ನು ನಾನು ಕಂಡಿದ್ದೇನೆ. ರನ್ನನ ಮಾತಿನಲ್ಲಷ್ಟೇ ಕಾಣುತ್ತಿದ್ದ ಬೆವರು ಅಲ್ಲಿ ದೀಪದ ಬೆಳಕಿಗೆ ಹೊಳೆಯುತ್ತಿತ್ತು.

ಸಮಾರೋಪ

ಈ ನಾಲ್ಕನ್ನೂ ಒಂದೇ ಕಥೆಯ ನಾಲ್ಕು ಪಾತ್ರೆಗಳೆಂದು ನೋಡಿದರೆ ನಮ್ಮ ಕೈಗೆ ಸಿಗುವುದು ಪಾಠಾಂತರಗಳ ಪಟ್ಟಿಯಷ್ಟೇ. ಪ್ರತಿಯೊಂದೂ ತನ್ನ ಮಿತಿಯೊಳಗೆ ಕೌರವನನ್ನು ಹೊಸದಾಗಿ ಕಂಡುಕೊಂಡಿದೆ. ಕಾವ್ಯ ಅವನ ಮೈಯೊಳಗಿನ ಕುದಿಯನ್ನು ಕಂಡರೆ, ತಾಳಮದ್ದಳೆ ಅವನಿಗೆ ತನ್ನ ಪರವಾಗಿ ವಾದಿಸುವ ಹಕ್ಕು ಕೊಟ್ಟಿತು. ಕಾವ್ಯಕ್ಕೆ ಓಲೆಗರಿಯಿದೆ, ನಾಟಕಕ್ಕೆ ಮುದ್ರಿತ ಪುಸ್ತಕವಿದೆ. ಅರ್ಥಧಾರಿ ಆಡುವ ಮಾತಿಗೆ, ಅಂದರೆ ಅರ್ಥಗಾರಿಕೆಗೆ, ಹೆಚ್ಚಾಗಿ ಆ ರಾತ್ರಿಯ ಕೇಳುಗರ ನೆನಪೇ ಗತಿ. ಹಳ್ಳಿಯ ಚಾವಡಿಯಲ್ಲಿ ಕೌರವ ಆಡುವ ಮಾತನ್ನೂ ನಾವು ಧ್ವನಿಮುದ್ರಿಸಿ, ದಾಖಲಿಸಿ, ಹಸ್ತಪ್ರತಿಯಷ್ಟೇ ಶ್ರದ್ಧೆಯಿಂದ ಓದಬೇಕು.