ಪಾಠ ಹೇಳದ ವಿಶ್ವವಿದ್ಯಾಲಯ

ನಮ್ಮ ಉತ್ತರ ಕನ್ನಡದ ಕೆಲವು ಹಳೆಯ ಮನೆಗಳ ಜಗಲಿಯಲ್ಲಿ ದೇವರ ಪಟಗಳ ಸಾಲಿನಲ್ಲೇ ಇನ್ನೊಂದು ಪಟ ತೂಗುತ್ತಿತ್ತು. ಮನೆಯ ಯಾರೋ ಅಜ್ಜ ಮ್ಯಾಟ್ರಿಕ್ ಪಾಸಾದ ಪ್ರಮಾಣಪತ್ರ, ಗಾಜು ಹಾಕಿಸಿ ಚೌಕಟ್ಟು ಕಟ್ಟಿಸಿದ್ದು. ಅದರ ಮೇಲಿನ ಮುದ್ರೆ ಬೊಂಬಾಯಿ ವಿಶ್ವವಿದ್ಯಾಲಯದ್ದು. ಕಾರವಾರ, ಧಾರವಾಡ, ಬೆಳಗಾವಿ, ವಿಜಾಪುರ... ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಯಾರು ಓದಿದವರು, ಯಾರು ಅಲ್ಲ ಎಂದು ತೀರ್ಮಾನ ಆಗುತ್ತಿದ್ದದ್ದು ಈ ಊರಿನಲ್ಲಿ. ನಾನು ಮುಂಬಯಿಗೆ ಬಂದು ಐವತ್ತು ವರ್ಷ ಆಗುತ್ತ ಬಂತು. ಅದರಲ್ಲಿ ಬಹುಪಾಲು ವರ್ಷ ಫೋರ್ಟಿನ ಆಫೀಸಿಗೆ ಹೋಗಿಬರುವಾಗ ರಾಜಾಬಾಯಿ ಗೋಪುರದ ಗಡಿಯಾರ ನೋಡಿ ನನ್ನ ಕೈಗಡಿಯಾರ ಸರಿಮಾಡಿಕೊಂಡದ್ದಿದೆ. ಆ ಗೋಪುರದ ಕೆಳಗಿನ ಸಂಸ್ಥೆ ನಿಜಕ್ಕೂ ಏನು ಮಾಡುತ್ತಿತ್ತು ಎಂದು ಓದಿ ತಿಳಿದುಕೊಂಡದ್ದು ಮಾತ್ರ ನಿವೃತ್ತಿಯ ನಂತರ.

ಅದು ಹುಟ್ಟಿದ್ದು 1857ರ ಜುಲೈ 18ರಂದು. ಉತ್ತರ ಹಿಂದುಸ್ಥಾನದಲ್ಲಿ ದಂಗೆಯ ಬೆಂಕಿ ಇನ್ನೂ ಆರಿರಲಿಲ್ಲ. ಅದೇ ವರ್ಷ ಕಲ್ಕತ್ತೆ, ಮದ್ರಾಸುಗಳಲ್ಲೂ ವಿಶ್ವವಿದ್ಯಾಲಯಗಳು ಹುಟ್ಟಿದವು. ಮೂರಕ್ಕೂ ಮಾದರಿ ಆಗಿನ ಲಂಡನ್ ವಿಶ್ವವಿದ್ಯಾಲಯ. ಮಾದರಿ ಎಂದರೆ ಏನು ಗೊತ್ತೇ? ಪಾಠ ಹೇಳುವುದಿಲ್ಲ, ಸಂಶೋಧನೆ ಮಾಡುವುದಿಲ್ಲ, ಪರೀಕ್ಷೆ ನಡೆಸಿ ಪದವಿ ಕೊಡುತ್ತದೆ, ಅಷ್ಟೇ! ಪಾಠದ ಉಸಾಬರಿ ಎಲ್ಫಿನ್‌ಸ್ಟನ್, ವಿಲ್ಸನ್, ಪುಣೆಯ ಡೆಕ್ಕನ್ ಇಂಥ ಕಾಲೇಜುಗಳಿಗೆ ಸೇರಿದ್ದು. 1859ರ ಮೊದಲ ಮ್ಯಾಟ್ರಿಕ್ ಪರೀಕ್ಷೆಗೆ ಕೂತವರು 132, ಪಾಸಾದವರು 22. 1862ರಲ್ಲಿ ಮೊದಲ ಬಿ.ಎ. ಪದವೀಧರರು ಹೊರಬಂದರು. ಎಷ್ಟು ಮಂದಿ? ನಾಲ್ಕು!

ಸ್ವಂತ ಕಟ್ಟಡ ಕೂಡ ಆಮೇಲೆ ಬಂದದ್ದು, ಅದೂ ವ್ಯಾಪಾರಿಗಳ ದುಡ್ಡಿನಿಂದ. ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಗಿ ಮುಂಬಯಿ ಹತ್ತಿಗೆ ಬಂಗಾರದ ಬೆಲೆ ಬಂದ ಕಾಲ. ಆ ಹತ್ತಿಯಲ್ಲಿ ನಮ್ಮ ಧಾರವಾಡ ಸೀಮೆಯದೂ ಇತ್ತು ಎನ್ನುವುದನ್ನು ಮರೆಯಬೇಡಿ. ಹತ್ತಿ ವ್ಯಾಪಾರದ ದೊರೆ ಪ್ರೇಮಚಂದ ರಾಯಚಂದ ಕೊಟ್ಟ ಹಣದಲ್ಲಿ ಗ್ರಂಥಾಲಯ, ಗೋಪುರ ಎರಡೂ ಎದ್ದವು. ತಾಯಿ ರಾಜಾಬಾಯಿಯ ಹೆಸರು ಗೋಪುರಕ್ಕೆ. ಕೆಲಸ ಮುಗಿದದ್ದು 1878ರಲ್ಲಿ. ಅಂದರೆ ಗಡಿಯಾರ, ಗ್ರಂಥಾಲಯ, ಘಟಿಕೋತ್ಸವದ ಸಭಾಂಗಣ ಎಲ್ಲ ಬಂದವು. ಆದರೆ ಪಾಠ ಹೇಳುವ ಮೇಷ್ಟ್ರು ಮಾತ್ರ ಆ ಕಟ್ಟಡದಲ್ಲಿ ಇನ್ನೂ ನಲವತ್ತು ವರ್ಷ ಇರಲಿಲ್ಲ.

ಆ ಮೊದಲ ನಾಲ್ವರಲ್ಲಿ ಒಬ್ಬರು ಮಹಾದೇವ ಗೋವಿಂದ ರಾನಡೆ. ಅವರ ವಿದ್ಯಾರ್ಥಿ ದೆಸೆಯ ಒಂದು ಪ್ರಸಂಗ ಪ್ರಸಿದ್ಧವಾದದ್ದು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಬರೆದ ಒಂದು ಪ್ರಬಂಧದಲ್ಲಿ ಬ್ರಿಟಿಷ್ ಆಡಳಿತವನ್ನು ಮರಾಠರ ಆಡಳಿತದೊಡನೆ ಹೋಲಿಸಿ, ಬ್ರಿಟಿಷರದ್ದೇ ಕಡಿಮೆ ಎಂದುಬಿಟ್ಟರಂತೆ. ಪ್ರಿನ್ಸಿಪಾಲ್ ಅಲೆಕ್ಸಾಂಡರ್ ಗ್ರಾಂಟ್ ಸಾಹೇಬರಿಗೆ ಈ ಶಿಷ್ಯನ ಮೇಲೆ ಅಭಿಮಾನವೇ. ಆದರೂ ಆರು ತಿಂಗಳು ವಿದ್ಯಾರ್ಥಿವೇತನ ನಿಂತಿತು. ನಿನ್ನನ್ನು ಮೇಲೆತ್ತುವವರನ್ನೇ ಹಳಿಯುತ್ತೀಯಾ ಎನ್ನುವ ಧಾಟಿ. ಈ ಧಾಟಿ ಈಗ ಸತ್ತುಹೋಗಿದೆ ಎಂದು ನೀವು ತಿಳಿದಿದ್ದರೆ ಸ್ವಲ್ಪ ತಾಳಿ, ಮುಂದೆ ಬರುತ್ತೇನೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ, ಅವರಿಗೆ ಪರೀಕ್ಷೆಯ ಬಾಗಿಲು ತೆರೆದದ್ದು 1883ರಲ್ಲಿ. ಡೆಕ್ಕನ್ ಕಾಲೇಜಿನಲ್ಲಿ ಓದಿದ ಕೊರ್ನೇಲಿಯಾ ಸೊರಾಬ್ಜಿ ಇಲ್ಲಿಯ ಮೊದಲ ಮಹಿಳಾ ಪದವೀಧರೆ. ಒಳ್ಳೆಯ ಅಂಕ ತೆಗೆದರು. ಆ ಅಂಕಕ್ಕೆ ಇಂಗ್ಲೆಂಡಿನಲ್ಲಿ ಓದಲು ಸರಕಾರದ ವಿದ್ಯಾರ್ಥಿವೇತನ ಸಿಗಬೇಕಿತ್ತು, ಹೆಣ್ಣು ಎಂಬ ಕಾರಣಕ್ಕೆ ಸಿಗಲಿಲ್ಲ. ಬಾಗಿಲು ತೆರೆಯುವುದು ಬೇರೆ, ಒಳಗೆ ಕೂರಲು ಮಣೆ ಹಾಕುವುದು ಬೇರೆ ನೋಡಿ. ಕರ್ವೆಯವರು 1916ರಲ್ಲಿ ಪುಣೆಯಲ್ಲಿ ಮಹಿಳೆಯರಿಗೇ ಪ್ರತ್ಯೇಕ ವಿಶ್ವವಿದ್ಯಾಲಯ ಶುರುಮಾಡಿದ್ದರ ಹಿಂದೆ ಇಂಥ ಅನುಭವಗಳೂ ಇದ್ದಿರಬೇಕು. ಅಲ್ಲಿ ಪಾಠ ಮಾತೃಭಾಷೆಯಲ್ಲಿ. ಅದೇ ಮುಂದೆ ಮುಂಬಯಿಗೆ ಬಂದ ಎಸ್‌.ಎನ್‌.ಡಿ.ಟಿ.

ಈಗ ನಮ್ಮವರ ಕಡೆಗೆ ಬರೋಣ. ಫ.ಗು. ಹಳಕಟ್ಟಿಯವರು ಹುಟ್ಟಿದ್ದು ಧಾರವಾಡದಲ್ಲಿ, ಬಿ.ಎ. ಓದಿದ್ದು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ. ಕಾನೂನು ಪದವಿ ಪಡೆದದ್ದು 1904ರಲ್ಲಿ. ವಿಜಾಪುರದಲ್ಲಿ ವಕೀಲಿ ಮಾಡುತ್ತ ಮನೆಮನೆ ತಿರುಗಿ ತಾಡವೋಲೆ ಕೂಡಿಸಿದರು, ವಚನಗಳನ್ನು ಬಿಡಿಸಿ ಬರೆದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ತಂದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರುಮಾಡಿದರು. ಅಚ್ಚುಕೂಟಕ್ಕಾಗಿ ಮನೆಯನ್ನೂ ಕಳೆದುಕೊಂಡರು. ಈ ಕೆಲಸದಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದ ಪಾಲು ಎಷ್ಟು? ಪದವಿಯ ಕಾಗದ. ಇವತ್ತು ಇಂಥದನ್ನು ಒಂದು ವಿಭಾಗ, ನಾಲ್ಕು ಸಂಶೋಧನ ಸಹಾಯಕರು, ಒಂದು ಅನುದಾನ ಇಟ್ಟುಕೊಂಡು ಮಾಡುತ್ತೇವೆ (ಮಾಡುತ್ತೇವೆಯೇ?). ಹಳಕಟ್ಟಿಯವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1956ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ. ಅದೂ ಒಂದು ರೀತಿಯಲ್ಲಿ ಬೊಂಬಾಯಿಯ ಕೂಸೇ. 1949ರಲ್ಲಿ ಮುಂಬಯಿಯಲ್ಲೇ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಹೋದದ್ದು.

ಪರೀಕ್ಷೆಯ ಕಚೇರಿಯಾಗಿದ್ದರೆ ಸಾಲದು ಎಂದು ಸ್ಪಷ್ಟವಾಗಿ ಹೇಳಿದವರಲ್ಲಿ ಡಾ. ಅಂಬೇಡ್ಕರರು ಮುಖ್ಯರು. ಅವರು ಇದೇ ವಿಶ್ವವಿದ್ಯಾಲಯದ ಪದವೀಧರ. ಬಡೋದೆಯ ಮಹಾರಾಜರು ಕೊಡುತ್ತಿದ್ದ ತಿಂಗಳಿಗೆ 25 ರೂಪಾಯಿಯ ಬಲದಿಂದ ಎಲ್ಫಿನ್‌ಸ್ಟನ್ನಿನಲ್ಲಿ ಓದಿ 1912ರಲ್ಲಿ ಬಿ.ಎ. ಆದವರು. ಕೊಲಂಬಿಯಾ, ಲಂಡನ್ ನೋಡಿ ಬಂದ ಮೇಲೆ, 1920ರ ದಶಕದ ಮಧ್ಯದಲ್ಲಿ, ವಿಶ್ವವಿದ್ಯಾಲಯದ ಸುಧಾರಣೆಗೆ ನೇಮಿಸಿದ್ದ ಸಮಿತಿಗೆ ಲಿಖಿತ ಅಭಿಪ್ರಾಯ ಕೊಟ್ಟರು. ಅದರ ತಿರುಳು ನನ್ನ ಮಾತಿನಲ್ಲಿ ಹೀಗೆ: ಬರೀ ಪರೀಕ್ಷೆ ನಡೆಸುವ ಸಂಸ್ಥೆಯಿಂದ ವಿದ್ಯೆ ಬೆಳೆಯುವುದಿಲ್ಲ. ಬಿ.ಎ. ಪಾಠವನ್ನು ಕಾಲೇಜಿಗೂ ಎಂ.ಎ. ಪಾಠವನ್ನು ವಿಶ್ವವಿದ್ಯಾಲಯಕ್ಕೂ ಹಂಚಿಬಿಟ್ಟರೆ ಪಾಠವೂ ಸಂಶೋಧನೆಯೂ ಬೇರೆಬೇರೆಯಾಗಿ ಎರಡೂ ಸೊರಗುತ್ತವೆ. 1927ರಲ್ಲಿ ಪ್ರಾಂತ್ಯದ ವಿಧಾನ ಪರಿಷತ್ತಿಗೆ ಬಂದ ಮೇಲೆ ವಿಶ್ವವಿದ್ಯಾಲಯದ ಮಸೂದೆಯ ಚರ್ಚೆಯಲ್ಲಿ ಹಿಂದುಳಿದ ವರ್ಗಗಳಿಗೆ ಸೆನೆಟ್ಟಿನಲ್ಲಿ ಸ್ಥಾನ ಬೇಕು ಎಂದೂ ವಾದಿಸಿದರು. ಗಮನಿಸಿ, ಸಂಶೋಧನೆಯ ಪ್ರಶ್ನೆ, ಸಮಾನತೆಯ ಪ್ರಶ್ನೆ ಅವರಿಗೆ ಎರಡು ಬೇರೆ ಕಡತಗಳಾಗಿರಲಿಲ್ಲ. ಒಳಗೆ ಯಾರಿದ್ದಾರೆ ಎನ್ನುವುದರ ಮೇಲೆ ಯಾವ ಪ್ರಶ್ನೆ ಏಳುತ್ತದೆ ಎನ್ನುವುದು ನಿಂತಿದೆ ಎಂದು ಅವರಷ್ಟು ಚೆನ್ನಾಗಿ ಅನುಭವದಿಂದ ಬಲ್ಲವರು ಯಾರಿದ್ದರು?

ಹೇಳಿ ಸುಮ್ಮನಾಗಲಿಲ್ಲ. 1946ರಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಕೆಲಸ ಮಾಡುತ್ತ ಓದುವವರಿಗೆ ಹೊಂದುವಂಥ ಕಾಲೇಜು. ವಿದ್ಯಾರ್ಥಿಗಳದೇ ಒಂದು ಸಂಸತ್ತು ಅಲ್ಲಿತ್ತು. ಹಿಂದೂ ಸಂಹಿತೆ ಮಸೂದೆಯ ಬಗ್ಗೆ 1950ರಲ್ಲಿ ಅಂಬೇಡ್ಕರರೇ ಆ ಹುಡುಗರೆದುರು ಮಾತನಾಡಿದ್ದರು. ನಾನು ಬಂದ ಕಾಲಕ್ಕೂ ಫೋರ್ಟಿನ ಹೋಟೆಲು, ಕ್ಯಾಂಟೀನುಗಳ ನಮ್ಮ ಹುಡುಗರ ಬಾಯಲ್ಲಿ "ಬೆಳಗಿನ ಕಾಲೇಜು" ಎಂಬುದು ದೊಡ್ಡ ಮಾತು. ಹಗಲು ಟೇಬಲ್ ಒರೆಸಿ ಕನ್ನಡ ರಾತ್ರಿಶಾಲೆಯಲ್ಲಿ ಎಸ್‌.ಎಸ್‌.ಸಿ. ಮುಗಿಸುವುದು, ಆಮೇಲೆ ಎಲ್ಲಾದರೂ ಗುಮಾಸ್ತಿಕೆ ಹಿಡಿದು ಬೆಳಗಿನ ಕಾಲೇಜಿಗೆ ಸೇರುವುದು. ಹತ್ತಕ್ಕೆ ಆಫೀಸು, ಏಳಕ್ಕೆ ತರಗತಿ. ನನ್ನ ರೂಮಿನಲ್ಲಿದ್ದ ಆರು ಮಂದಿಯಲ್ಲಿ ಮೂವರು ಹೀಗೆ ಪದವಿ ಪಡೆದರು. ಒಬ್ಬರು ವಕೀಲರಾದರು. ಅವರ ಅರ್ಥಶಾಸ್ತ್ರದ ನೋಟ್ಸ್ ಮೇಲೆ ಸಾಂಬಾರಿನ ಕಲೆ ಇರುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಇನ್ನು ಪಾಠದ ಕತೆ. ವಿಶ್ವವಿದ್ಯಾಲಯ ತಾನೇ ವಿಭಾಗ ತೆರೆದು ಕಲಿಸಲು ಹೊರಟಾಗ, 1919ರಲ್ಲಿ, ಸಮಾಜಶಾಸ್ತ್ರಕ್ಕೆ ಬಂದವರು ಪ್ಯಾಟ್ರಿಕ್ ಗೆಡ್ಡಿಸ್. ನಗರಗಳ ಯೋಜನೆಗೆ ಹೆಸರಾದ ಸ್ಕಾಟ್ಲೆಂಡಿನವರು. 1924ರಿಂದ ಗೋವಿಂದ ಸದಾಶಿವ ಘುರ್ಯೆ. ಕೇಂಬ್ರಿಜ್‌ನಲ್ಲಿ ಓದಿ ಬಂದ ಈ ಮಾಲವಣದವರು 1959ರವರೆಗೆ ಅಲ್ಲಿದ್ದರು. ಅವರ 'ಕಾಸ್ಟ್ ಅಂಡ್ ರೇಸ್ ಇನ್ ಇಂಡಿಯಾ' 1932ರದ್ದು. ಅವರ ಕೈಕೆಳಗೆ ಓದಿದವರ ಹೆಸರು ನೋಡಿದರೆ ಈ ದೇಶದ ಸಮಾಜಶಾಸ್ತ್ರದ ಅರ್ಧ ವಂಶಾವಳಿಯೇ ಸಿಗುತ್ತದೆ. ಇರಾವತಿ ಕರ್ವೆ, ಎ.ಆರ್. ದೇಸಾಯಿ, ಮತ್ತು ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್.

ಶ್ರೀನಿವಾಸ್ ಮೈಸೂರಿನಲ್ಲಿ ಪದವಿ ಮುಗಿಸಿ 1936ರಲ್ಲಿ ಇಲ್ಲಿಗೆ ಬಂದರು. ಮೈಸೂರು ಸೀಮೆಯ ಮದುವೆ, ಕುಟುಂಬಗಳ ಬಗ್ಗೆ ಎಂ.ಎ.ಗಾಗಿ ಬರೆದ ಪ್ರಬಂಧ 1942ರಲ್ಲಿ ಪುಸ್ತಕವಾಯಿತು. ಆಮೇಲೆ ಕೊಡಗಿನವರ ಬಗ್ಗೆ ಪಿಎಚ್.ಡಿ. ಅನಂತರ ಆಕ್ಸ್‌ಫರ್ಡಿಗೆ ಹೋಗಿ ಅದೇ ಸಾಮಗ್ರಿಯನ್ನು ಇನ್ನೊಂದು ಕಣ್ಣಿನಿಂದ ನೋಡಿದರು. 1952ರಲ್ಲಿ ಬಂದ ಕೊಡಗಿನ ಪುಸ್ತಕದ ಮೂಲಕ 'ಸಂಸ್ಕೃತೀಕರಣ' ಎಂಬ ಮಾತು ಲೋಕಕ್ಕೆಲ್ಲ ಹೋಯಿತು. ಗುರುಗಳ ಒಲವು ಹಳೆಯ ಗ್ರಂಥಗಳ ಕಡೆಗೆ. ಶಿಷ್ಯ ಗ್ರಂಥ ಮುಚ್ಚಿಟ್ಟು ಮೈಸೂರು ಬಳಿಯ ಹಳ್ಳಿಯೊಂದಕ್ಕೆ ಹೋಗಿ ಕೂತರು, ಜನ ಏನು ಮಾಡುತ್ತಾರೆ ನೋಡೋಣ ಎಂದು. ಇನ್ನೊಬ್ಬ ಶಿಷ್ಯ ದೇಸಾಯಿ ಪಕ್ಕಾ ಮಾರ್ಕ್ಸ್‌ವಾದಿ. ರಾಷ್ಟ್ರೀಯತೆಯ ಸಾಮಾಜಿಕ ಹಿನ್ನೆಲೆಯನ್ನು ಕುರಿತ ಅವರ ಪ್ರಬಂಧಕ್ಕೆ ಮಾರ್ಗದರ್ಶಕರು ಘುರ್ಯೆಯವರೇ. ಘುರ್ಯೆಗೂ ಮಾರ್ಕ್ಸನಿಗೂ ಎತ್ತಣಿಂದೆತ್ತ! ಆದಿವಾಸಿಗಳ ವಿಷಯದಲ್ಲಿ ಘುರ್ಯೆ ಸ್ವತಃ ವೆರಿಯರ್ ಎಲ್ವಿನ್ ಜೊತೆ ದೊಡ್ಡ ಜಗಳಕ್ಕೆ ಬಿದ್ದಿದ್ದರು. 1943ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಘುರ್ಯೆಯವರ ಅನೇಕ ತೀರ್ಮಾನಗಳು ನನಗೆ ಒಪ್ಪಿಗೆಯಿಲ್ಲ. ಆದರೆ ತಮ್ಮನ್ನು ಒಪ್ಪದ ಶಿಷ್ಯರು ತಮ್ಮ ಕೋಣೆಯಿಂದಲೇ ಹೊರಡುವಂತೆ ಆದದ್ದಿದೆಯಲ್ಲ, ಅದಕ್ಕಾಗಿ ಅವರಿಗೆ ಕೈಮುಗಿಯುತ್ತೇನೆ. ರಾನಡೆಯವರ ಆರು ತಿಂಗಳ ವಿದ್ಯಾರ್ಥಿವೇತನದಿಂದ ಇಲ್ಲಿಗೆ ಬರಲು ಎಂಟು ದಶಕ ಹಿಡಿದಿತ್ತು.

ವಿಜ್ಞಾನದ ಕಡೆ ಒಂದೇ ಮಾತು. 1933ರಲ್ಲಿ ಶುರುವಾಗಿ ಮಾಟುಂಗಾದಲ್ಲಿ ಬೆಳೆದ ರಾಸಾಯನಿಕ ತಂತ್ರಜ್ಞಾನ ವಿಭಾಗ ಬಣ್ಣ, ಬಟ್ಟೆ, ಪ್ಲಾಸ್ಟಿಕ್ಕುಗಳ ಕಾರ್ಖಾನೆಗಳಿಗೆ ತಲೆಮಾರುಗಟ್ಟಲೆ ತಂತ್ರಜ್ಞರನ್ನು ಕೊಟ್ಟಿತು. 'ಶಿಕಾರಿ' ಬರೆದ ನಮ್ಮ ಹನೇಹಳ್ಳಿಯ ಯಶವಂತ ಚಿತ್ತಾಲರೂ ಅಲ್ಲಿ ಓದಿದವರೇ. 2008ರಿಂದ ಅದು ತಾನೇ ಸ್ವತಂತ್ರ ವಿಶ್ವವಿದ್ಯಾಲಯ.

ತಾಳಿ ಎಂದಿದ್ದೆನಲ್ಲ, ಆ ವಿಷಯ. 2010ರಲ್ಲಿ ರೋಹಿಂಟನ್ ಮಿಸ್ತ್ರಿಯವರ 'ಸಚ್ ಎ ಲಾಂಗ್ ಜರ್ನಿ' ಕಾದಂಬರಿ ಇಲ್ಲಿಯ ಬಿ.ಎ. ಪಠ್ಯದಲ್ಲಿತ್ತು. ಮುಂಬಯಿಯ ಪಾರ್ಸಿ ಕುಟುಂಬವೊಂದರ ಕತೆ. ಬರೆದವರು ಸೇಂಟ್ ಝೇವಿಯರ್ಸ್‌ನಲ್ಲಿ ಓದಿದ ಇದೇ ಊರಿನ ಹುಡುಗ. ಒಂದು ವಿದ್ಯಾರ್ಥಿ ಸಂಘಟನೆ ಗಲಾಟೆ ಮಾಡಿ ಪ್ರತಿಗಳನ್ನು ಸುಟ್ಟಿತು. ಕುಲಪತಿಗಳು ತಮ್ಮ ತುರ್ತು ಅಧಿಕಾರ ಬಳಸಿ ವರ್ಷದ ನಡುವೆಯೇ ಪುಸ್ತಕ ತೆಗೆದುಹಾಕಿದರು. ಗ್ರಾಂಟ್ ಸಾಹೇಬರಾದರೂ ರಾನಡೆಯವರ ಪ್ರಬಂಧವನ್ನು ಪೂರ್ತಿ ಓದಿ ಕೋಪಗೊಂಡಿದ್ದರು! ಏಳು ವರ್ಷದ ನಂತರ, 2017ರಲ್ಲಿ, ಉತ್ತರಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ತಿದ್ದುವ ಹೊಸ ಪದ್ಧತಿ ತರಾತುರಿಯಲ್ಲಿ ಬಂದು ಫಲಿತಾಂಶ ತಿಂಗಳುಗಟ್ಟಲೆ ತಡವಾಯಿತು, ಕುಲಪತಿಗಳನ್ನೇ ತೆಗೆಯಬೇಕಾಯಿತು. 1857ರಲ್ಲಿ ಯಾವ ಒಂದು ಕೆಲಸಕ್ಕಾಗಿ ಹುಟ್ಟಿತೋ ಆ ಪರೀಕ್ಷೆಯಲ್ಲೇ ಎಡವಿತು.

ಕಲೀನಾದ ವಿದ್ಯಾನಗರಿಯಲ್ಲಿ ಈಗ ರಾನಡೆ ಭವನ ಎಂಬ ಕಟ್ಟಡವಿದೆ. ಅದೇ ಆವರಣದಲ್ಲಿ ಕನ್ನಡ ವಿಭಾಗ ಇದೆ, 1970ರ ದಶಕದ ಕೊನೆಗೆ ಶುರುವಾದದ್ದು. 'ಹೊಸಗನ್ನಡದ ಅರುಣೋದಯ' ಬರೆದ ಶ್ರೀನಿವಾಸ ಹಾವನೂರರು ಅದನ್ನು ಮುನ್ನಡೆಸಿದವರಲ್ಲಿ ಒಬ್ಬರು. ಹಳೆಯ ಪತ್ರಿಕೆ, ಹಳೆಯ ಅಚ್ಚಿನ ಜಾಡು ಹಿಡಿದು ಹೋಗುವುದರಲ್ಲಿ ಅವರನ್ನು ಮೀರಿಸಿದವರು ಕಡಿಮೆ. ಆ ವಿಭಾಗದಲ್ಲಿ ಎಂ.ಎ., ಪಿಎಚ್.ಡಿ. ಮಾಡಿದವರಲ್ಲಿ ಬ್ಯಾಂಕಿನವರು, ಶಾಲಾ ಶಿಕ್ಷಕಿಯರು, ಪತ್ರಕರ್ತರು, ಮಕ್ಕಳನ್ನು ದಡ ಸೇರಿಸಿದ ಮೇಲೆ ಪುಸ್ತಕ ಹಿಡಿದ ಗೃಹಿಣಿಯರು ಎಲ್ಲರೂ ಇದ್ದಾರೆ. ಮುಂಬಯಿ ಕನ್ನಡಿಗರ ಬದುಕು, ಬರಹ, ಸಂಘಸಂಸ್ಥೆಗಳ ಬಗ್ಗೆಯೇ ಪ್ರಬಂಧ ಬರೆದವರಿದ್ದಾರೆ. ಅವರಿಗೆ ಬೇಕಾದ ಸಾಮಗ್ರಿ ಗೋಪುರದ ಕೆಳಗಿನ ಗ್ರಂಥಾಲಯದಲ್ಲಿ ಇಲ್ಲ, ನಮ್ಮ ನಿಮ್ಮ ಮನೆಯ ಅಟ್ಟದಲ್ಲಿದೆ. ಕನ್ನಡ ರಾತ್ರಿಶಾಲೆಗಳು ಒಂದೊಂದಾಗಿ ಮುಚ್ಚಿದವು. ಅವುಗಳ ವಾರ್ಷಿಕ ವರದಿ, ಸ್ಮರಣ ಸಂಚಿಕೆ, ಹಾಜರಿ ಪುಸ್ತಕಗಳು ಯಾರ ಕಪಾಟಿನಲ್ಲಿವೆಯೋ! ಮನೆ ರಿಪೇರಿ, ಬಿಲ್ಡಿಂಗ್ ರೀಡೆವಲಪ್‌ಮೆಂಟ್ ಎಂದು ಸಾಮಾನು ಖಾಲಿ ಮಾಡುವವರು ದಯವಿಟ್ಟು ಆ ಕಟ್ಟನ್ನು ರದ್ದಿಯವನಿಗೆ ತೂಕಕ್ಕೆ ಹಾಕುವ ಮೊದಲು ಕಲೀನಾಕ್ಕೆ ಒಂದು ಫೋನು ಮಾಡಿ.