ಒಂದೇ ದಿನದ ಋತು: 1934-35ರ ರಣಜಿ ಪಂದ್ಯಾವಳಿಯಲ್ಲಿ ಮೈಸೂರು

1934ರ ನವೆಂಬರ್ 4ರಂದು ಚೆಪಾಕಿನಲ್ಲಿ ನಡೆದ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಅಂದೇ ಮುಗಿದುಹೋಯಿತು. ಮೈಸೂರು 48 ಮತ್ತು 59, ಮದರಾಸು 130. ಇನಿಂಗ್ಸ್ ಮತ್ತು 23 ರನ್ನುಗಳ ಸೋಲು. ಇಷ್ಟನ್ನೇ ಇಟ್ಟುಕೊಂಡು ನಮ್ಮ ಹಿಂದಿನ ತಲೆಮಾರಿನ ಕೆಲವರು ‘ಆ ಕಾಲಕ್ಕೆ ಮೈಸೂರಿನಲ್ಲಿ ಕ್ರಿಕೆಟ್ ಇನ್ನೂ ಕಣ್ಣು ಬಿಟ್ಟಿರಲಿಲ್ಲ’ ಎಂದು ಬರೆದುಬಿಟ್ಟರು. ಮೈಸೂರು ನಗರದ ನಜರ್‌ಬಾದಿನಲ್ಲಿ, ಚಾಮುಂಡಿ ವಿಹಾರ ಕ್ರೀಡಾಂಗಣದ ಆಸುಪಾಸಿನಲ್ಲಿ ಆಟದ ಚರಿತ್ರೆ ಮಾತಾಡುವವರ ಬಾಯಲ್ಲೂ ಇದೇ ತೀರ್ಪು. ಅದರ ಜೊತೆಗೆ, ಸೋತದ್ದು ನಮ್ಮ ಊರಿನ ತಂಡ ಎಂಬ ತಪ್ಪು ಗ್ರಹಿಕೆ ಬೇರೆ. ಆಡಿದ್ದು ಮೈಸೂರು ಸಂಸ್ಥಾನದ ತಂಡ. ಅದನ್ನು ಕಟ್ಟಿದ ಸಂಸ್ಥೆ ಹುಟ್ಟಿದ್ದು 1933ರಲ್ಲಿ, ಬೆಂಗಳೂರಿನಲ್ಲಿ.

ಈ ತೀರ್ಪು ನಿಂತಿರುವುದು ಸ್ಕೋರುಪಟ್ಟಿಯ ಅರ್ಧ ಓದಿನ ಮೇಲೆ. ಮದರಾಸಿನ ಎಡಗೈ ಸ್ಪಿನ್ನರ್ ಎ.ಜಿ. ರಾಮ್‌ಸಿಂಗ್ ಮೊದಲ ಇನಿಂಗ್ಸಿನಲ್ಲಿ 19 ರನ್ನಿಗೆ 6, ಎರಡನೆಯದರಲ್ಲಿ 16 ರನ್ನಿಗೆ 5 ವಿಕೆಟ್ ಕಿತ್ತರು. ಒಟ್ಟು 35 ರನ್ನಿಗೆ 11. ಎಲ್ಲರೂ ಬರೆಯುವುದು ಇದನ್ನೇ, ಬರೆಯಬೇಕಾದದ್ದೂ ಹೌದು. ಆದರೆ ಮೈಸೂರಿನ 107 ರನ್ನುಗಳಲ್ಲಿ ಆ 35 ಕಳೆದು ನೋಡಿ. ಉಳಿದ 72 ರನ್ನಿಗೆ (ಇತರೆ ರನ್ನುಗಳೂ ಸೇರಿ) ಉಳಿದ 9 ವಿಕೆಟ್‌ಗಳು ಬಿದ್ದಿವೆ. ಅಂದರೆ ವಿಕೆಟ್ಟಿಗೆ 8 ರನ್. ಸ್ವಂತ ಅಂಗಳದಲ್ಲಿ ಆಡಿದ ಮದರಾಸಿಗೆ ದಕ್ಕಿದ್ದು ವಿಕೆಟ್ಟಿಗೆ 13. ಎರಡೂ ತಂಡ ಸೇರಿ 30 ವಿಕೆಟ್‌ಗಳಿಗೆ 237 ರನ್. ವಿಕೆಟ್ಟಿಗೆ 8 ಕೂಡ ಪೂರ್ತಿ ಬರುವುದಿಲ್ಲ. ಆಡಲು ಬಾರದವರ ಎದುರು ಬಲಾಢ್ಯರು ಆಡಿದ ಪಂದ್ಯವಾಗಿದ್ದರೆ ಮದರಾಸು 130ಕ್ಕೇ ಆಲೌಟಾದದ್ದೇಕೆ? ಆ ಹತ್ತು ವಿಕೆಟ್ ಕಿತ್ತವರು ಮೈಸೂರಿನ ಬೌಲರುಗಳೇ ತಾನೆ? ಈ ಪ್ರಶ್ನೆಯನ್ನು ಕೇಳದೆ ಮುಂದೆ ಹೋದವರನ್ನು ಚರಿತ್ರೆಕಾರರೆಂದು ಒಪ್ಪಲು ನನಗೆ ಕಷ್ಟ. ಅಂದಿನ ಪಿಚ್ ಬ್ಯಾಟಿಂಗಿಗೆ ಒಲಿಯಲಿಲ್ಲ, ಅದರ ಲಾಭವನ್ನು ಒಬ್ಬ ಎಡಗೈ ಸ್ಪಿನ್ನರ್ ಪೂರ್ತಿ ಪಡೆದರು. ಪಟ್ಟಿ ಇದಕ್ಕಿಂತ ಹೆಚ್ಚೇನನ್ನೂ ಹೇಳುವುದಿಲ್ಲ. ಮದರಾಸು ಅಂದು ಮೇಲುಗೈ ಸಾಧಿಸಿತು ಎಂಬುದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಆ ಮೇಲುಗೈಯಿಂದ ಒಂದಿಡೀ ಸಂಸ್ಥಾನದ ಆಟವನ್ನು ಅಳೆಯುವವರ ಜೊತೆ.

ಆಗ ಲೀಗ್ ಪದ್ಧತಿ ಇರಲಿಲ್ಲ. ವಲಯದೊಳಗೂ ಸೋತವರು ಮನೆಗೆ. ಮದರಾಸಿನ ಬೌಲರ್ ಗೋಪಾಲನ್ ಮೊದಲ ಚೆಂಡನ್ನು ಮೈಸೂರಿನ ಕರ್ಟಿಸ್‌ಗೆ ಎಸೆದಾಗ ಶುರುವಾದ ಮೈಸೂರಿನ ಋತು ಅದೇ ದಿನ ಮುಗಿಯಿತು. ಒಬ್ಬ ಬ್ಯಾಟ್ಸ್‌ಮನ್ನನನ್ನು ಒಂದೇ ಪಂದ್ಯದಿಂದ ತೂಗುವುದು ಅನ್ಯಾಯವೆನ್ನುವವರೇ ತಂಡದ ವಿಷಯಕ್ಕೆ ಬಂದಾಗ ಅದೇ ಅನ್ಯಾಯ ಮಾಡುತ್ತಾರೆ. ವಲಯಗಳಲ್ಲಿ ಲೀಗ್ ಬಂದದ್ದು 1957-58ರಲ್ಲಿ. ಅದಕ್ಕೆ ಮುಂಚಿನ ಋತುಗಳಲ್ಲಿ ಬೇಗ ಹೊರಬಿದ್ದ ಎಲ್ಲ ತಂಡಗಳ ಬಗೆಗೂ ಈ ಎಚ್ಚರ ಬೇಕು.

ಗೆದ್ದವರು ಯಾರು ಎಂಬುದನ್ನೂ ಗಮನಿಸಬೇಕು. ಮದರಾಸು ಮರುವರ್ಷವೇ, 1935-36ರಲ್ಲಿ, ಫೈನಲ್ ತಲುಪಿ ಬೊಂಬಾಯಿಗೆ ಸೋತಿತು. 1940-41ರಲ್ಲಿ ಮತ್ತೆ ಫೈನಲ್, ಈ ಸಲ ಮಹಾರಾಷ್ಟ್ರದ ಎದುರು ಸೋಲು. ಅಂಥ ತಂಡಕ್ಕೆ ಮಣಿದದ್ದು ಶೈಶವದ ಗುರುತಾಗುವುದು ಹೇಗೆ? ‘ಕಣ್ಣು ಬಿಡದ’ ಮೈಸೂರು 1941-42ರಲ್ಲಿ ತಾನೇ ಫೈನಲ್ ಆಡಿತು. ಅಲ್ಲಿ ಬೊಂಬಾಯಿ ಎದುರು ಹೀನಾಯವಾಗಿ ಸೋತಿತು, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಏಳು ವರ್ಷದಲ್ಲಿ ಶೂನ್ಯದಿಂದ ಫೈನಲ್‌ಗೆ ಯಾವ ತಂಡವೂ ಏರುವುದಿಲ್ಲ. 1934ರಲ್ಲೇ ಇಲ್ಲಿ ಆಟಕ್ಕೆ ಬುನಾದಿ ಇತ್ತು. ಚೆಪಾಕಿನ ಆ ಗೆಲುವನ್ನು ದಕ್ಷಿಣದ ಆಟದ ಶ್ರೇಣಿಯೆಂದೇ ಓದುವವರು ಇನ್ನೊಂದು ಲೆಕ್ಕಕ್ಕೂ ಉತ್ತರ ಕೊಡಬೇಕು: ಮದರಾಸು ಟ್ರೋಫಿ ಎತ್ತಿದ್ದು 1954-55ರಲ್ಲಿ, ಇಂದೋರಿನಲ್ಲಿ ಹೋಳ್ಕರ್ ತಂಡವನ್ನು ಸೋಲಿಸಿ. ಆ ನವೆಂಬರಿನಿಂದ ಅಲ್ಲಿಗೆ ಇಪ್ಪತ್ತು ವರ್ಷ ದಾಟಿತ್ತು.